ಎಲ್ಲೂರಿನ ಹಳೆ ರಸ್ತೆಯಲ್ಲಿ ಅಮ್ಮನಿಗೆ ಗಂಜಿ ಕೊಟ್ಟವರು

ದೆವ್ವ, ಪ್ರೇತ ಎಂದು ಹೆದರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಖುಷಿ. ಯಾಕೆಂದರೆ ಅಂಥ ಸುದ್ದಿ ಹಬ್ಬಿದ ಮನೆಯ ಮರಮಟ್ಟು ಅಗ್ಗಕ್ಕೆ ಸಿಗುತ್ತದೆ. ನನ್ನದು ಹಳೆ ಮನೆಗಳ ಸಾಮಾನಿನ ವ್ಯಾಪಾರ. ಮನೆ ಕೆಡವುವವರಿಂದ ಕಂಬ, ಬಾಗಿಲು, ಹೆಂಚು ಕೊಂಡು, ಹೊಸದಾಗಿ ಕಟ್ಟುವವರಿಗೆ ಮಾರುತ್ತೇನೆ. ಕಟಪಾಡಿಯಿಂದ ಸ್ವಲ್ಪ ಒಳಗೆ ನನ್ನ ಗೋದಾಮು, ಅದರ ಹಿಂದೆಯೇ ಮನೆ. ಒಮ್ಮೆ ಕಾರ್ಕಳದ ಕಡೆಯ ಒಂದು ಮನೆಯಲ್ಲಿ ಅಟ್ಟದ ಮೇಲೆ ಯಾರೋ ನಡೆದಾಡುತ್ತಾರೆ ಎಂದು ಊರೆಲ್ಲ ಹೇಳುತ್ತಿತ್ತು. ನಾನು ಹೋಗಿ ಆ ಅಟ್ಟದಲ್ಲೇ ಚಾಪೆ ಹಾಸಿ ಮಧ್ಯಾಹ್ನದ ನಿದ್ದೆ ಮುಗಿಸಿ, ಸಂಜೆ ಇಡೀ ಅಟ್ಟವನ್ನೇ ಬಿಚ್ಚಿಸಿಕೊಂಡು ಬಂದೆ. ನಡೆದಾಡುತ್ತಿದ್ದದ್ದು ಒಂದು ಮರಬೆಕ್ಕು.

ತಪ್ಪು ತಿಳಿಯಬೇಡಿ. ದೈವ ದೇವರ ವಿಷಯ ಬೇರೆ. ಕುಟುಂಬದ ದೈವದ ಎದುರು ವರ್ಷಕ್ಕೊಮ್ಮೆ ಕೈಮುಗಿದು ನಿಲ್ಲುವವನು ನಾನು. ನಂಬದೆ ಇದ್ದದ್ದು ಜನರು ಹೇಳುವ ಕಥೆಗಳನ್ನು, ಅಲ್ಲಿ ಹಾಗೆ ಕಂಡಿತು, ಇಲ್ಲಿ ಹೀಗೆ ಕೇಳಿತು ಎನ್ನುವುದನ್ನು. ಯಾರಾದರೂ ಶುರು ಮಾಡಿದರೆ ನಾನು ಮೂರು ಪ್ರಶ್ನೆ ಕೇಳುತ್ತಿದ್ದೆ. ನೀವೇ ನೋಡಿದ್ದಾ? ಎಷ್ಟು ಹೊತ್ತಿಗೆ? ಆ ದಿನ ಎಂತ ಕುಡಿದಿದ್ದಿರಿ? ಮೂರನೆಯದಕ್ಕೆ ಬರುವ ಮೊದಲೇ ಹೆಚ್ಚಿನ ಕಥೆಗಳು ಮುಗಿಯುತ್ತಿದ್ದವು. ಈಗ ನಾನೇ ಒಂದು ಕಥೆ ಹೇಳಲು ಕೂತಿರುವುದರಿಂದ ಉತ್ತರವನ್ನು ಮೊದಲೇ ಕೊಟ್ಟುಬಿಡುತ್ತೇನೆ. ಕಂಡದ್ದು ನಾನೇ. ಹೊತ್ತು ನಡುಮಧ್ಯಾಹ್ನ, ಎಪ್ರಿಲ್ ತಿಂಗಳ ಬಿಸಿಲು. ಕುಡಿದದ್ದು ಬೆಳಗಿನ ಒಂದು ಲೋಟ ಚಾ.

ಕಥೆ ನನ್ನ ಅಮ್ಮನದು. ಅಮ್ಮನ ಹೆಸರು ಗುಲಾಬಿ. ಹದಿನಾಲ್ಕೋ ಹದಿನೈದೋ ಪ್ರಾಯದಲ್ಲಿ ಅವಳು ರಸ್ತೆ ಕೆಲಸಕ್ಕೆ ಹೋದವಳು. ಕಾಪು, ಎಲ್ಲೂರು, ಪಡುಬಿದ್ರಿ ಸುತ್ತಿನ ಒಳರಸ್ತೆಗಳು ಆಗ ಬರೇ ಎತ್ತಿನ ಗಾಡಿಯ ಜಾಡುಗಳು. ಅವನ್ನು ಅಗಲ ಮಾಡಿ, ಮಣ್ಣು ತುಂಬಿಸಿ, ಜಲ್ಲಿ ಹಾಸಿ, ಮರದ ದಿಮ್ಮಸಿನಿಂದ ಬಡಿದು ಗಟ್ಟಿ ಮಾಡಿದ್ದು ಹೆಂಗಸರೇ ಹೆಚ್ಚಿದ್ದ ಗುಂಪುಗಳು. ಗಂಡಸರು ಕಲ್ಲು ಒಡೆಯುವುದು, ಹೆಂಗಸರು ಹೊರುವುದು. ತಲೆಯ ಮೇಲೆ ಬಟ್ಟೆಯ ಸಿಂಬೆ, ಸಿಂಬೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಕೆಂಪು ಮಣ್ಣು. ಕಾಲಿಗೆ ಏನೂ ಇಲ್ಲ. ಇವತ್ತು ನಾವು ಸ್ಕೂಟರಿನಲ್ಲಿ ಎರಡು ನಿಮಿಷದಲ್ಲಿ ದಾಟುವ ಒಂದು ತಿರುವಿಗೆ ಅವರಿಗೆ ಒಂದು ಇಡೀ ಬೇಸಗೆ ಹಿಡಿಯುತ್ತಿತ್ತಂತೆ. ರಸ್ತೆ ಬದಿಯ ಕಲ್ಲಿನಲ್ಲಿ ಹೆಸರು ಕೆತ್ತಿಸಿಕೊಂಡದ್ದು ಮಾತ್ರ ಉದ್ಘಾಟನೆಗೆ ಬಂದವರು.

ಆ ದಿನಗಳ ಕಷ್ಟವನ್ನು ಅಮ್ಮ ಹೆಚ್ಚು ಹೇಳಿದವಳಲ್ಲ. ಅವಳು ಹೇಳುತ್ತಿದ್ದದ್ದು ಗಂಜಿಯ ವಿಷಯ. ಕೆಲಸದವರು ರಸ್ತೆಯ ಉದ್ದಕ್ಕೂ ಹಂಚಿಹೋಗಿರುತ್ತಿದ್ದರು, ಒಬ್ಬರಿಂದ ಒಬ್ಬರು ಒಂದು ಕೂಗಿನಷ್ಟು ದೂರ. ಗಂಜಿಯ ದೊಡ್ಡ ಪಾತ್ರೆ ಒಂದು ಕೊನೆಯಲ್ಲಿ, ಮರದ ನೆರಳಿನಲ್ಲಿ. ಗುಂಪಿನ ಮುಂದಾಳು ಒಬ್ಬ ಹೆಂಗಸು. ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ದೊಡ್ಡಕ್ಕ ಎಂದು. ಸೂರ್ಯ ನೆತ್ತಿಗೆ ಬಂದ ಹಾಗೆ ದೊಡ್ಡಕ್ಕ ಪಾತ್ರೆಯ ಹತ್ತಿರ ನಿಂತು ಕರೆಯುವುದು. ಆ ಕರೆಯನ್ನು ಮುಂದಿನವಳು ಕೇಳಿ ಅವಳ ಮುಂದಿನವಳಿಗೆ ದಾಟಿಸುವುದು, ಹಾಗೆ ಬಾಯಿಂದ ಬಾಯಿಗೆ ಹೋಗಿ ಕೊಟ್ಟಕೊನೆಯಲ್ಲಿ ಇರುವವಳಿಗೆ ಮುಟ್ಟುವುದು. ಕೊನೆಯಲ್ಲಿ ಇರುತ್ತಿದ್ದದ್ದು ಎಲ್ಲರಿಗಿಂತ ಸಣ್ಣವಳು, ನನ್ನ ಅಮ್ಮ. ಆದ್ದರಿಂದ ಕರೆ ಅವಳ ಹೆಸರಿನಲ್ಲೇ ಹೊರಡುತ್ತಿತ್ತು: "ಗುಲಾಬೀ, ಗಂಜಿಗ್ ಬಲಾ." ತುಳುವಿನಲ್ಲಿ ಗಂಜಿಗೆ ಬಾ ಎಂದರ್ಥ. ಗುಲಾಬಿ ಬಂದು ಕೂತ ಮೇಲೆಯೇ ಪಾತ್ರೆಯ ಮುಚ್ಚಳ ತೆಗೆಯುವುದು. ಅಲ್ಲಿಯವರೆಗೆ ಎಷ್ಟು ಹಸಿದವರೂ ಕೈ ತೊಳೆದು ಕಾಯಬೇಕು.

"ಅಷ್ಟು ದೊಡ್ಡವರೆಲ್ಲ ನನಗೋಸ್ಕರ ಕಾಯುತ್ತಿದ್ದರು ಮಗಾ," ಎನ್ನುತ್ತಿದ್ದಳು. ಬೇರೆಯವರು ತಮ್ಮ ಮದುವೆಯ ಸುದ್ದಿ ಹೇಳುವಾಗ ಮುಖ ಹೇಗಿರುತ್ತದೋ ಅವಳ ಮುಖ ಹಾಗಿರುತ್ತಿತ್ತು.

ನಿಜ ಹೇಳಬೇಕಲ್ಲ, ನನಗೆ ಆ ಮಾತು ಕೇಳಲು ನಾಚಿಕೆಯಾಗುತ್ತಿತ್ತು. ಗೋದಾಮಿಗೆ ಕಾರಿನಲ್ಲಿ ಬಂದ ಗಿರಾಕಿಗಳ ಎದುರು ಅಮ್ಮ, "ನೀವು ಬಂದ ರಸ್ತೆ ಉಂಟಲ್ಲ, ಅದು ನಾವು ಮಾಡಿದ್ದು" ಎಂದು ಶುರು ಮಾಡಿದರೆ ನಾನು ತಕ್ಷಣ ತೇಗದ ಬಾಗಿಲಿನ ಕಡೆ ಮಾತು ತಿರುಗಿಸುತ್ತಿದ್ದೆ. ಗಿರಾಕಿಯ ಎದುರು ಬಡತನ ಕಾಣಿಸಿದರೆ ಬೆಲೆ ಇಳಿಯುತ್ತದೆ ಎಂದು ನನ್ನ ಲೆಕ್ಕ. ವ್ಯಾಪಾರ ಕಲಿಯುವವರಿಗೆ ನಾನು ಬೇಕಾದಷ್ಟು ಬುದ್ಧಿ ಹೇಳುತ್ತೇನೆ, ಇದನ್ನು ಮಾತ್ರ ನನ್ನಿಂದ ಕಲಿಯಬೇಡಿ.

ಎಪ್ಪತ್ತು ದಾಟಿದ ಮೇಲೆ ಅಮ್ಮನಿಗೆ ಮರೆವು ಹಿಡಿಯಿತು. ಮೊದಲು ಕೀಲಿಕೈ, ಆಮೇಲೆ ಮೊಮ್ಮಕ್ಕಳ ಹೆಸರು, ಆಮೇಲೆ ಹೊತ್ತು. ಶುಗರ್ ಮೊದಲೇ ಇತ್ತು, ದಿನಾ ಬೆಳಿಗ್ಗೆ ಇನ್ಸುಲಿನ್ ಇಂಜೆಕ್ಷನ್. ಮಣಿಪಾಲದ ಡಾಕ್ಟ್ರು ನನ್ನನ್ನು ಎದುರು ಕೂರಿಸಿ ಹೇಳಿದರು: "ಮರೆವಿಗೆ ನಾವು ಮಾಡುವುದು ಸ್ವಲ್ಪವೇ. ಆದರೆ ಇಂಜೆಕ್ಷನ್ ಕೊಟ್ಟ ಮೇಲೆ ಊಟ ತಪ್ಪಿಸಬೇಡಿ. ಶುಗರ್ ಇಳಿದು ಎಚ್ಚರ ತಪ್ಪಿದರೆ ಈ ಪ್ರಾಯದಲ್ಲಿ ಕಷ್ಟ."

ಕಷ್ಟ ಶುರುವಾದದ್ದೇ ಅಲ್ಲಿಂದ. ಬಟ್ಟಲಿಗೆ ಅನ್ನ ಹಾಕಿ ಎದುರಿಗಿಟ್ಟರೆ ಅಮ್ಮ ಮುಟ್ಟುವುದಿಲ್ಲ. "ಅವರು ಬರಲಿ" ಎಂದು ಬಾಗಿಲ ಕಡೆ ನೋಡಿಕೊಂಡು ಕೂರುವುದು. ಯಾರು ಬರಬೇಕು ಎಂದು ಕೇಳಿದರೆ, "ಅವರೇ" ಎನ್ನುವುದು. ನನ್ನ ಹೆಂಡತಿ ಸುಮತಿ ನನಗಿಂತ ಚುರುಕು. "ಬಂದರು ಅತ್ತೆ, ಹೊರಗೆ ಕೈ ತೊಳೆಯುತ್ತಿದ್ದಾರೆ, ನೀವು ಶುರು ಮಾಡಿ" ಎಂದು ಎರಡು ದಿನ ಉಣ್ಣಿಸಿದಳು. ಮೂರನೆಯ ದಿನ ಅಮ್ಮ, "ಎಷ್ಟು ಜನ ಬಂದರು, ಹೆಸರು ಹೇಳು" ಎಂದಳು. ಆಮೇಲೆ ಒಂದೊಂದು ಊಟಕ್ಕೆ ಒಂದೊಂದು ಗಂಟೆ. ನಾವು ಮೂವರೂ ಸುಸ್ತಾಗಿದ್ದೆವು. ಅಮ್ಮ ಹಸಿವಿನಿಂದ, ನಾವಿಬ್ಬರು ಬೇಡಿಕೊಂಡು.

ಆ ದಿನ ಸುಮತಿ ತನ್ನ ಅಣ್ಣನ ಮಗಳ ಸೀಮಂತಕ್ಕೆ ಕಾರ್ಕಳಕ್ಕೆ ಹೋಗಿದ್ದಳು. ನನಗೆ ಎಲ್ಲೂರಿನಲ್ಲಿ ಕೆಲಸ. ವಾಸಣ್ಣ ಎನ್ನುವವರು ತಮ್ಮ ಹಳೆ ಮನೆ ಕೆಡವಿಸುತ್ತಿದ್ದರು. ಅದರ ಜಗಲಿಯ ನಾಲ್ಕು ಹಲಸಿನ ಕಂಬಗಳ ಮೇಲೆ ನನಗೆ ಕಣ್ಣಿತ್ತು. ನಿಟ್ಟೆಯ ಹತ್ತಿರ ಹೋಂಸ್ಟೇ ಕಟ್ಟುವವರೊಬ್ಬರು ಅಂಥ ಕಂಬ ಬೇಕೆಂದು ನನ್ನ ತಲೆ ತಿನ್ನುತ್ತಿದ್ದರು. ಅಮ್ಮನನ್ನು ಒಬ್ಬಳನ್ನೇ ಬಿಡುವ ಹಾಗಿಲ್ಲ. ಬೆಳಿಗ್ಗೆ ಇಂಜೆಕ್ಷನ್ ಕೊಟ್ಟು, ಎರಡು ದೋಸೆಯಲ್ಲಿ ಒಂದನ್ನು ಹೇಗೋ ತಿನ್ನಿಸಿ, ಪಿಕಪ್ಪಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಹೊರಟೆ. ಊಟದ ಬುತ್ತಿ ಸೀಟಿನ ಹಿಂದೆ. ದಾರಿಯಲ್ಲಿ ಸುಮತಿಯ ಫೋನು ಬಂತು.

"ಹನ್ನೆರಡೂವರೆಗೆ ಊಟ ಕೊಡಿ. ಮಾತಿಗೆ ಕೂತರೆ ನಿಮಗೆ ಲೋಕದ ನೆನಪು ಇರುವುದಿಲ್ಲ."

"ಗೊತ್ತುಂಟು ಮಾರಾಯ್ತಿ, ಇಡು ಫೋನು," ಎಂದೆ.

ವಾಸಣ್ಣನ ಅಂಗಳದಲ್ಲಿ ಒಂದು ಮಾವಿನ ಮರ. ಅದರ ನೆರಳಿನಲ್ಲಿ ಕುರ್ಚಿ ಹಾಕಿಸಿ ಅಮ್ಮನನ್ನು ಕೂರಿಸಿದೆ. ನಾವಿಬ್ಬರು ಮನೆಯ ಹಿಂದಿನ ದನದ ಹಟ್ಟಿಯ ಹತ್ತಿರ, ಕಂಬ ಮಲಗಿಸಿದ್ದಲ್ಲಿ ಮಾತಿಗೆ ಕೂತೆವು. ಕಂಬವನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿದೆ. ನೀವೂ ಕೊಳ್ಳುವಾಗ ಹಾಗೆ ಮಾಡಿ. ಗೆದ್ದಲು ಹೊಕ್ಕ ಮರ ಬಡಿದರೆ ಪೊಳ್ಳು ದನಿ ಕೊಡುತ್ತದೆ. ಇದು ಒಳ್ಳೆ ಮರ. ಒಳ್ಳೆಯದೆಂದು ಗೊತ್ತಾದ ಮೇಲೆ ಮುಖ ಸಪ್ಪೆ ಮಾಡಿಕೊಳ್ಳಬೇಕು, ಅದು ಎರಡನೆಯ ಪಾಠ. ನಾನು ಸಪ್ಪೆ ಮಾಡಿಕೊಂಡೆ. ವಾಸಣ್ಣನೂ ಕಡಿಮೆಯವರಲ್ಲ.

"ನೋಡಿ, ಇದು ನನ್ನ ಅಜ್ಜ ಕೂರುತ್ತಿದ್ದ ಕಂಬ," ಎಂದರು.

"ಅಜ್ಜ ಕೂತದ್ದು ಜಗಲಿಯಲ್ಲಿ, ಕಂಬದಲ್ಲಿ ಅಲ್ಲವಲ್ಲ," ಎಂದೆ.

ಹೀಗೆ ಹೋಯಿತು. ಕೊನೆಗೆ ನಾನು ನನ್ನ ಹಳೆಯ ಉಪಾಯಕ್ಕೆ ಬಂದೆ. ವ್ಯಾಪಾರ ಕುದುರದಿದ್ದರೆ ಎದ್ದು ಹೊರಟೇಬಿಡಬೇಕು. ಮೊದಲ ಸಲ ಕರೆದರೆ ತಿರುಗಿ ನೋಡಬಾರದು, ಎರಡನೆಯ ಸಲವೂ ನೋಡಬಾರದು, ಮೂರನೆಯದಕ್ಕೆ ನಿಲ್ಲಬೇಕು. ನಾನು ಎದ್ದು ಅಂಗಳ ದಾಟಿ ಪಿಕಪ್ಪಿನವರೆಗೆ ನಡೆದೆ. ಮಾವಿನ ಮರದ ಪಕ್ಕದಲ್ಲೇ ಹಾದುಹೋದೆ. ಕಣ್ಣು ಮುಂದಿತ್ತು, ಕಿವಿ ಪೂರ್ತಿ ಹಿಂದಿತ್ತು. ವಾಸಣ್ಣ ಮೂರು ಸಲ ಕರೆದರು, ನಾನು ತಿರುಗಿ ಬಂದೆ, ಮತ್ತೆ ಕೂತೆವು. ಆಗ ಅಮ್ಮ ಆ ಕುರ್ಚಿಯಲ್ಲಿ ಇದ್ದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಎರಡು ಸಲ ಆ ಕುರ್ಚಿಯನ್ನು ದಾಟಿದ್ದೇನೆ, ಒಮ್ಮೆಯೂ ನೋಡಿಲ್ಲ.

ಮಾತು ಮುಗಿಸಿ ಬರುವಾಗ ಕುರ್ಚಿ ಖಾಲಿ. ಫೋನು ತೆಗೆದು ನೋಡಿದರೆ ಗಂಟೆ ಒಂದು ದಾಟಿತ್ತು, ಸುಮತಿಯ ನಾಲ್ಕು ಕರೆ ಬಂದು ನಿಂತಿದ್ದವು.

ಪಿಕಪ್ಪು, ಬಾವಿಕಟ್ಟೆ, ಕೆಡವಿದ ಮನೆಯ ಒಳಗೆ, ಎಲ್ಲ ನೋಡಿದೆವು. ಬಾವಿಗೆ ಬಗ್ಗಿ ತಳದವರೆಗೂ ನೋಡಿದೆ. ಬೆಳಿಗ್ಗೆಯ ಇಂಜೆಕ್ಷನ್, ಒಂದೇ ಒಂದು ದೋಸೆ, ಈ ಬಿಸಿಲು. ಡಾಕ್ಟ್ರು ಹೇಳಿದ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಎಲ್ಲಿಯಾದರೂ ಪೊದೆಯ ಪಕ್ಕದಲ್ಲಿ ಎಚ್ಚರ ತಪ್ಪಿ ಬಿದ್ದಿದ್ದರೆ ಯಾರಿಗೆ ಕಾಣುತ್ತದೆ? ವಾಸಣ್ಣ ಸ್ಕೂಟರ್ ಹೊರಡಿಸಿ, "ನಾನು ದೇವಸ್ಥಾನದ ಕಡೆಗೆ, ಬಸ್ ಸ್ಟಾಪಿಗೆ ಹೋಗಿ ಬರುತ್ತೇನೆ, ನೀವು ಇಲ್ಲಿ ಆಚೀಚೆ ನೋಡಿ" ಎಂದು ಹೋದರು.

ಗೇಟಿನಿಂದ ಹೊರಗೆ ಬಂದು ಡಾಂಬರು ರಸ್ತೆಯಲ್ಲಿ ನಾಲ್ಕು ಹೆಜ್ಜೆ ಇಟ್ಟಿದ್ದೆ. ಎಡಕ್ಕೆ ಲಂಟಾನದ ಪೊದೆಗಳ ನಡುವೆ ಒಂದು ಬಾಯಿ ತೆರೆದ ಹಾಗೆ ಇತ್ತು. ಅದರ ಎದುರಿಗೆ ಅಮ್ಮನ ಚಪ್ಪಲಿ. ದೇವಸ್ಥಾನದ ಹೊರಗೆ ಬಿಟ್ಟ ಹಾಗೆ, ಎರಡೂ ಜೋಡಿಸಿ ಇಟ್ಟದ್ದು.

ಅದು ಹಳೆ ರಸ್ತೆ. ಮುಂಚೆ ಎಲ್ಲರೂ ಹೋಗುತ್ತಿದ್ದದ್ದು ಅದರಲ್ಲೇ. ತಿರುವು ಜಾಸ್ತಿ ಎಂದು ಎಷ್ಟೋ ವರ್ಷಗಳ ಹಿಂದೆ ನೇರವಾಗಿ ಹೊಸ ರಸ್ತೆ ಮಾಡಿದರು, ಇದರ ಒಂದು ತುಂಡು ಪಕ್ಕದಲ್ಲಿ ಹಾಗೆಯೇ ಉಳಿಯಿತು. ಎರಡೂ ಬದಿ ಆಳೆತ್ತರದ ಮಣ್ಣಿನ ದರೆ, ನಡುವೆ ಹುಲ್ಲು, ಹುಲ್ಲಿನ ಕೆಳಗೆ ಅಲ್ಲಲ್ಲಿ ಹಳೆ ಜಲ್ಲಿ. ಎಲ್ಲೂರು ರಸ್ತೆ ನಾವು ಮಾಡಿದ್ದು ಎಂದು ಅಮ್ಮ ನೂರು ಸಲ ಹೇಳಿದ್ದಳು. ಅವಳನ್ನು ಅಲ್ಲಿಗೇ ಕರೆದುಕೊಂಡು ಬಂದಿದ್ದೇನೆ ಎಂದು ನನಗೆ ಹೊಳೆದದ್ದು ಆ ಚಪ್ಪಲಿ ನೋಡಿದ ಮೇಲೆ.

"ಅಮ್ಮಾ" ಎಂದು ಕೂಗಿಕೊಂಡು ಒಳಗೆ ಓಡಿದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುಂದೆ ಎಲ್ಲಿಂದಲೋ ಒಂದು ಹೆಂಗಸಿನ ದನಿ ಕೇಳಿತು.

"ಗುಲಾಬೀ, ಗಂಜಿಗ್ ಬಲಾ."

ಅವಸರವಿಲ್ಲದ ಕರೆ. ಮನೆಯ ಹಿತ್ತಿಲಿನಿಂದ ಕರೆದ ಹಾಗೆ. ನನಗೆ ಆಗ ಆಶ್ಚರ್ಯವಾಗಲಿಲ್ಲ, ಭಯವೂ ಆಗಲಿಲ್ಲ. ವಾಸಣ್ಣ ನಾಲ್ಕು ಮನೆಗೆ ಹೇಳಿರಬೇಕು, ಅವರೆಲ್ಲ ಹುಡುಕುತ್ತಿರಬೇಕು ಎಂದುಕೊಂಡೆ. ಒಳ್ಳೆಯ ಜನ ಎಂದೂ ಅನಿಸಿತು. ಅದೇ ಕರೆ ಇನ್ನೂ ಸ್ವಲ್ಪ ಮುಂದಿನಿಂದ ಮತ್ತೆ ಕೇಳಿತು, ಈ ಸಲ ಬೇರೆ ದನಿ, ಸ್ವಲ್ಪ ಪ್ರಾಯದವರದ್ದು. ಆಮೇಲೆ ಇನ್ನೂ ಮುಂದಿನಿಂದ ಮೂರನೆಯದು. ನಾನು ಆ ದನಿಗಳ ಹಿಂದೆಯೇ ಓಡಿದೆ. ಒಂದು ದನಿ ಕೇಳಿದ ಜಾಗಕ್ಕೆ ಮುಟ್ಟುವಾಗ ಅಲ್ಲಿ ಯಾರೂ ಇರುತ್ತಿರಲಿಲ್ಲ, ಮುಂದಿನ ದನಿ ಅಷ್ಟೇ ದೂರದಲ್ಲಿ ಕೇಳುತ್ತಿತ್ತು.

ರಸ್ತೆ ಬಲಕ್ಕೆ ತಿರುಗುವಲ್ಲಿ ಒಬ್ಬಳು ಹೆಂಗಸು ನಿಂತಿದ್ದಳು. ದರೆಯ ಕಡೆ ಮುಖ ಮಾಡಿ, ತಲೆಯ ಮೇಲಿನ ಸಿಂಬೆಯನ್ನು ಬಿಚ್ಚಿ ಕೊಡವುತ್ತಿದ್ದಳು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿದ್ದಳು. ಪಾದದಿಂದ ಮೀನಖಂಡದವರೆಗೆ ಕೆಂಪು ಮಣ್ಣಿನ ಧೂಳು. ಪಂಚಾಯತಿನ ಕೆಲಸದವಳು ಎಂದುಕೊಂಡೆ.

"ಅಕ್ಕಾ, ಒಬ್ಬರು ವಯಸ್ಸಾದವರು ಈ ಕಡೆ ಹೋದದ್ದು ನೋಡಿದಿರಾ?" ಎಂದು ಏದುಸಿರು ಬಿಡುತ್ತ ಕೇಳಿದೆ.

"ವಯಸ್ಸಾದವರು ಇಲ್ಲಿ ಯಾರೂ ಇಲ್ಲ," ಎಂದಳು ಅವಳು, ಬಟ್ಟೆ ಕೊಡವುತ್ತಲೇ. "ಗುಲಾಬಿ ಒಬ್ಬಳು ಬರಲಿಕ್ಕೆ ಬಾಕಿ ಇದ್ದಳು. ಬಂದಳು. ಮೋರಿಯ ಹತ್ತಿರ ಕೂತಿದ್ದಾಳೆ."

ನಾನು ಓಡಲು ಹೊರಟೆ. ಹಿಂದಿನಿಂದ ಅವಳೇ ಗದರಿಸಿದಳು: "ಬಿಸಿಲಿಗೆ ಎಂತ ಹಾಗೆ ಓಡುವುದು? ನೆರಳಿನಲ್ಲಿ ಹೋಗು. ಕಾಯುತ್ತಾರೆ." ಐವತ್ತು ದಾಟಿದ ನನಗೆ ಹಾಗೆ ಏಕವಚನದಲ್ಲಿ ಗದರಿಸುವವರು ಅಮ್ಮನನ್ನು ಬಿಟ್ಟರೆ ಯಾರೂ ಉಳಿದಿರಲಿಲ್ಲ. ಆದರೂ ನಾನು ರಸ್ತೆಯ ನಡುವಿನಿಂದ ಬದಿಗೆ ಸರಿದು, ದರೆಯ ನೆರಳಿನಲ್ಲಿ, ನಡೆದುಕೊಂಡೇ ಹೋದೆ. ಯಾಕೆ ಅವಳ ಮಾತು ಕೇಳಿದೆ ಎಂದು ಗೊತ್ತಿಲ್ಲ. ಅಮ್ಮನ ಹೆಸರನ್ನು ನಾನು ಆಕೆಗೆ ಹೇಳಿರಲಿಲ್ಲ ಎನ್ನುವುದೂ ಆಗ ಹೊಳೆಯಲಿಲ್ಲ.

ಮುಂದೆ ಒಂದು ಸಣ್ಣ ತೋಡು, ಅದರ ಮೇಲೆ ಕಲ್ಲಿನ ಮೋರಿ. ಕೆತ್ತಿ ಕೂರಿಸಿದ ಕೆಂಪು ಕಲ್ಲು, ಒಂದೂ ಅಲುಗಿರಲಿಲ್ಲ. ಬೇರೆ ದಿನವಾಗಿದ್ದರೆ ಆ ಕಲ್ಲಿಗೆ ಬೆಲೆ ಕಟ್ಟದೆ ನಾನು ಮುಂದೆ ಹೋಗುತ್ತಿರಲಿಲ್ಲ. ಮೋರಿಯ ಕಟ್ಟೆಯ ಮೇಲೆ, ಗೋಳಿಮರದ ನೆರಳಿನಲ್ಲಿ ಅಮ್ಮ ಕಾಲು ಇಳಿಬಿಟ್ಟು ಕೂತಿದ್ದಳು. ಸೀರೆಯ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದಳು.

"ಬಂದೆಯಾ ಮಗಾ? ಬಾ, ಕೂತುಕೋ," ಎಂದಳು.

ಒಂದು ವರ್ಷದಿಂದ ಅವಳು ನನ್ನನ್ನು ಮಗಾ ಎಂದು ಕರೆದಿರಲಿಲ್ಲ. ಒಮ್ಮೊಮ್ಮೆ ಅಣ್ಣ ಎನ್ನುತ್ತಿದ್ದಳು, ಒಮ್ಮೊಮ್ಮೆ ಮನೆಗೆ ಬಂದ ಗಿರಾಕಿಯ ಹಾಗೆ ನೋಡುತ್ತಿದ್ದಳು. ನಾನು ಅವಳ ಪಕ್ಕದಲ್ಲಿ ಕೂತೆ. ಅವಳ ಕೈ ಹಿಡಿದು ನೋಡಿದೆ. ಬೆವರಿರಲಿಲ್ಲ, ನಡುಕ ಇರಲಿಲ್ಲ. ಕೈ ಒದ್ದೆ ಇತ್ತು, ಆಗಷ್ಟೇ ತೊಳೆದ ಹಾಗೆ. ತೋಡು ಒಣಗಿ ಬಿರುಕು ಬಿಟ್ಟಿತ್ತು.

"ತಲೆ ತಿರುಗುತ್ತದಾ ಅಮ್ಮ? ಕಣ್ಣು ಕತ್ತಲೆ ಬರುತ್ತದಾ?"

"ಎಂತಕ್ಕೆ? ಹೊಟ್ಟೆ ತುಂಬ ಗಂಜಿ ಉಂಡಿದ್ದೇನೆ."

ಅವಳ ಬೆರಳಿನಲ್ಲಿ ಸುಟ್ಟ ಒಣಮೀನಿನ ಚಟ್ನಿಯ ವಾಸನೆ ಇತ್ತು. ಅದನ್ನು ನಾನು ಮೂಸಿ ನೋಡಿದ್ದೇನೆ. ಯಾರು ಏನೇ ಹೇಳಿದರೂ ಅದೊಂದನ್ನು ಮಾತ್ರ ನನ್ನಿಂದ ಕಿತ್ತುಕೊಳ್ಳಲು ಆಗುವುದಿಲ್ಲ. ನಮ್ಮ ಮನೆಯಲ್ಲಿ ಆ ವಾರವಿಡೀ ಒಣಮೀನು ತಂದಿರಲಿಲ್ಲ.

ಹಿಂದಕ್ಕೆ ನಡೆಯುವಾಗ ತಿರುವಿನಲ್ಲಿ ಆ ಹೆಂಗಸು ಇರಲಿಲ್ಲ. ಅಮ್ಮ ಬರಿಗಾಲಿನಲ್ಲಿ ಜಲ್ಲಿಯ ಮೇಲೆ ನನಗಿಂತ ಸಲೀಸಾಗಿ ನಡೆದಳು. ಅಲ್ಲಿ ಮಣ್ಣು ತೆಗೆದದ್ದು, ಇಲ್ಲಿ ದೊಡ್ಡಕ್ಕನ ಕಾಲಿಗೆ ಕಲ್ಲು ಬಿದ್ದದ್ದು ಎಂದೆಲ್ಲ ತೋರಿಸಿದಳು. ನಾನು ಮೊದಲ ಸಲ ಮಾತು ತಿರುಗಿಸದೆ ಕೇಳಿದೆ. ಅಂಗಳಕ್ಕೆ ಮುಟ್ಟುವಾಗ ವಾಸಣ್ಣ ಗೇಟಿನಲ್ಲಿ ನಿಂತಿದ್ದರು.

"ಎಲ್ಲಿಗೆ ಹೋದದ್ದು ಮಾರಾಯ್ರೇ? ನಾನು ಇಡೀ ಊರು ಸುತ್ತಿ ಬಂದು ಒಂದು ಗಂಟೆ ಆಯ್ತು. ಫೋನು ಮಾಡಿದರೆ ಎತ್ತುವುದೂ ಇಲ್ಲ!"

ಫೋನು ನನ್ನ ಕಿಸೆಯಲ್ಲೇ ಇತ್ತು, ಒಮ್ಮೆಯೂ ಬಡಿದದ್ದು ನನಗೆ ಕೇಳಿರಲಿಲ್ಲ. ಹೋಗಿ ಬರಲು ಹೆಚ್ಚೆಂದರೆ ಅರ್ಧ ಗಂಟೆಯ ದಾರಿ ಅದು. ಅಮ್ಮ ನಿಧಾನ ನಡೆದದ್ದರಿಂದ ತಡವಾಯಿತು ಎಂದು ಸಮಾಧಾನ ಮಾಡಿಕೊಂಡೆ.

ನೇರ ಕಾಪುವಿನ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಡಾಕ್ಟ್ರು ಬೆರಳಿಗೆ ಚುಚ್ಚಿ ಶುಗರ್ ನೋಡಿ, "ಎಲ್ಲ ಸರಿ ಉಂಟಲ್ಲ. ಊಟ ಮಾಡಿ ಸ್ವಲ್ಪ ಹೊತ್ತು ಆದವರ ಹಾಗೆಯೇ ಉಂಟು. ಯಾಕೆ ಇಷ್ಟು ಗಾಬರಿ?" ಎಂದರು. ಫೀಸು ಕೊಟ್ಟು ಎದ್ದೆ. ಉತ್ತರ ಹೇಳಲು ಹೋಗಿದ್ದರೆ ಅವರು ನನ್ನ ಬೆರಳಿಗೂ ಚುಚ್ಚುತ್ತಿದ್ದರು.

ನಾನು ಹಾಗೆಯೇ ಬಿಟ್ಟುಬಿಡುವ ಮನುಷ್ಯ ಅಲ್ಲ. ಎರಡು ದಿನ ಬಿಟ್ಟು ಸಿಹಿಯ ಪೊಟ್ಟಣಗಳನ್ನು ಹಿಡಿದುಕೊಂಡು ಎಲ್ಲೂರಿಗೆ ಹೋದೆ, ಉಣ್ಣಿಸಿದವರಿಗೆ ಕೊಡಬೇಕೆಂದು. ಹಳೆ ರಸ್ತೆಯ ಸುತ್ತ ಇರುವುದು ನಾಲ್ಕು ಮನೆ. ಒಂದಕ್ಕೆ ಬೀಗ. ಇನ್ನೊಂದರಲ್ಲಿ ಆ ದಿನ ಎಲ್ಲರೂ ಮದುವೆಗೆ ಹೋಗಿದ್ದರು. ಮೂರನೆಯ ಮನೆಯ ಹೆಂಗಸು ನಕ್ಕು, "ಗಂಜಿಯಾ? ನಮ್ಮಲ್ಲಿ ಶುಗರ್ ಎಂದು ಎಲ್ಲರಿಗೂ ಚಪಾತಿ ಅಣ್ಣ" ಎಂದರು. ನಾಲ್ಕನೆಯ ಮನೆಯವರು ಮೀನು ಮುಟ್ಟದವರು. ಪಂಚಾಯತಿನ ಸದಸ್ಯರನ್ನು ಹಿಡಿದು ಕೇಳಿದೆ. ಆ ಕಡೆ ಆ ತಿಂಗಳು ಯಾವ ಕೆಲಸವೂ ಇರಲಿಲ್ಲ. "ಇದ್ದರೂ ಎಪ್ರಿಲಿನ ಮಧ್ಯಾಹ್ನ ಯಾರು ಮಾಡುತ್ತಾರೆ ಮಾರಾಯ್ರೇ," ಎಂದರು. ಗುಲಾಬಿ ಎಂಬ ಹೆಸರಿನ ಬೇ‌ರೆ ಯಾರಾದರೂ ಹತ್ತಿರದಲ್ಲಿ ಇದ್ದಾರೆಯೇ ಎಂದೂ ವಿಚಾರಿಸಿದೆ. ಇರಲಿಲ್ಲ. ಪೊಟ್ಟಣಗಳನ್ನು ಆ ಮನೆಗಳಿಗೇ ಕೊಟ್ಟು ಬಂದೆ. ವಾಸಣ್ಣನ ಕಂಬಗಳನ್ನು ಅವರು ಮೊದಲು ಹೇಳಿದ ಬೆಲೆಗೇ ಕೊಂಡೆ. ಚೌಕಾಸಿ ಮಾಡಲು ಬಾಯಿ ಬರಲಿಲ್ಲ.

ಮನೆಯಲ್ಲಿ ನಾನು ಇದನ್ನೇ ಹೇಳುತ್ತ ಕೂತದ್ದು ನೋಡಿ ಸುಮತಿಗೆ ಸಾಕಾಯಿತು.

"ಯಾರೋ ಪುಣ್ಯಾತ್ಮರು ಹಸಿದವರಿಗೆ ಉಣ್ಣಲು ಕೊಟ್ಟಿದ್ದಾರೆ. ನಿಮಗೆ ಎಂತ, ರಶೀದಿ ಬೇಕಾ?"

ಅವಳು ಹೇಳಿದ್ದು ಸರಿ ಇರಬಹುದು. ದಾರಿಯಲ್ಲಿ ಹೋಗುವ ಯಾರೋ ಕೆಲಸದ ಹೆಂಗಸರು ಬುತ್ತಿ ಬಿಚ್ಚಿ ಕೂತಿದ್ದಿರಬಹುದು. ಅಮ್ಮ ತಾನೇ ಅವರಿಗೆ ಹೆಸರು ಹೇಳಿರಬಹುದು, ಅವರು ತಮಾಷೆಗೆ ಹಾಗೆ ಕರೆದಿರಬಹುದು. ಹೀಗೆಲ್ಲ ನನಗೆ ನಾನೇ ಹೇಳಿಕೊಂಡದ್ದು ಎಷ್ಟೋ ಸಲ. ಒಂದೊಂದನ್ನೇ ತೆಗೆದುಕೊಂಡರೆ ಎಲ್ಲಕ್ಕೂ ಒಂದು ಕಾರಣ ಸಿಗುತ್ತದೆ. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನ್ನ ಬುದ್ಧಿ ನಿಲ್ಲುತ್ತದೆ.

ಒಂದಂತೂ ನಿಜ. ಆ ದಿನದ ಮೇಲೆ ಅಮ್ಮ ಊಟಕ್ಕೆ ಕಾಯಲಿಲ್ಲ. ಬಟ್ಟಲು ಇಟ್ಟ ಕೂಡಲೇ ಕೈ ಹಾಕುತ್ತಿದ್ದಳು. ಸುಮತಿಗೆ ನಂಬಲೇ ಆಗಲಿಲ್ಲ. ಮತ್ತೆ ಎರಡು ವರ್ಷ ಅಮ್ಮ ನಮ್ಮ ಜೊತೆ ಇದ್ದಳು, ಊಟ ತಪ್ಪಿದ ದಿನ ಒಂದೂ ಇಲ್ಲ. ಕೊನೆಗೆ ಒಂದು ಬೆಳಿಗ್ಗೆ, ಚಾ ಕುಡಿದು ಮಲಗಿದವಳು ಏಳಲಿಲ್ಲ.

ಅದಕ್ಕೆ ಸ್ವಲ್ಪ ದಿನ ಮೊದಲು, ಅವಳ ಮನಸ್ಸು ತಿಳಿಯಾಗಿದ್ದ ಒಂದು ಸಂಜೆ, ನಾನು ಅವಳ ಉಗುರು ತೆಗೆಯುತ್ತ ಕೂತಿದ್ದೆ. ಕೇಳಬೇಕೆಂದು ಎಷ್ಟು ಸಲ ಬಾಯಿ ತೆರೆದು ಮುಚ್ಚಿಕೊಂಡಿದ್ದೆನೋ. ಆ ದಿನ ಕೇಳಿಯೇಬಿಟ್ಟೆ.

"ಅಮ್ಮಾ, ಎಲ್ಲೂರಿನ ಮೋರಿಯ ಹತ್ತಿರ ನಿನಗೆ ಗಂಜಿ ಬಡಿಸಿದ್ದು ಯಾರು?"

ಅವಳು ನನ್ನ ಮುಖವನ್ನೇ ನೋಡಿದಳು. ಪಾಪ, ಇವನಿಗೂ ಮರೆವು ಶುರುವಾಯಿತಾ ಎನ್ನುವ ಹಾಗೆ.

"ನನ್ನನ್ನು ಎಂತ ಕೇಳುವುದು? ನೀನೂ ನನ್ನ ಪಕ್ಕದಲ್ಲಿ ಕೂತು ಉಂಡೆಯಲ್ಲ ಮಗಾ. ಇನ್ನೊಂದು ಸೌಟು ಹಾಕಿ ಎಂದು ನೀನೇ ಕೇಳಿದ್ದು."

ನಾನು ನಕ್ಕೆ. ಉಗುರು ತೆಗೆಯುವುದನ್ನು ಮುಂದುವರಿಸಿದೆ. ಆದರೆ ಆ ರಾತ್ರಿ ಮಲಗಿದಲ್ಲಿ ಆ ಇಡೀ ದಿನವನ್ನು ಬೆಳಗಿನಿಂದ ಒಂದೊಂದಾಗಿ ಜೋಡಿಸಿ ನೋಡಿದೆ, ಆಮೇಲೆಯೂ ಎಷ್ಟೋ ಸಲ ನೋಡಿದ್ದೇನೆ. ಮೋರಿಯ ಕಟ್ಟೆಯಲ್ಲಿ ಅಮ್ಮನ ಪಕ್ಕ ಕೂತದ್ದು ನೆನಪುಂಟು. ಎದ್ದು ಹೊರಟದ್ದು ನೆನಪುಂಟು. ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ತಲೆನೋವು ಬರುವ ಮನುಷ್ಯ ನಾನು. ಆ ದಿನ ಬೆಳಿಗ್ಗೆ ಅಮ್ಮ ಬಿಟ್ಟ ಆ ಒಂದು ದೋಸೆ ತಿಂದವನು, ರಾತ್ರಿ ಸುಮತಿ ಬಂದು ಬಡಿಸುವವರೆಗೆ ಬಾಯಿಗೆ ಏನೂ ಹಾಕಿದ ನೆನಪಿಲ್ಲ. ಹಸಿವಾದ ನೆನಪೂ ಇಲ್ಲ.